ಫ್ಲೋರೆಸೆನ್ಸ್ ಇಮೇಜಿಂಗ್‌ಗೆ ಯಾವ ಆಬ್ಜೆಕ್ಟಿವ್, ಬಳಸುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಹಲವು ಲ್ಯಾಬುಗಳು ಹಂಚಿಕೊಂಡು ಬಳಸುವ ಮೈಕ್ರೋಸ್ಕೋಪ್ ಕೊಠಡಿಗೆ ಹೊಸದಾಗಿ ಬರುವ ಸಂಶೋಧನಾ ವಿದ್ಯಾರ್ಥಿಗಳು ಮೊದಲು ವಿಚಾರಿಸುವುದು ಕ್ಯಾಮೆರಾ ಯಾವುದು, ಲೇಸರ್ ಎಷ್ಟಿವೆ ಎಂದು. ಸ್ಯಾಂಪಲ್‌ಗೆ ಹತ್ತಿರ ಕೂರುವ ಮುಖ್ಯ ಲೆನ್ಸ್ ಆದ ಆಬ್ಜೆಕ್ಟಿವ್ ವಿಷಯ ಬಂದಾಗ ಮಾತ್ರ ‘ಅರವತ್ತರದ್ದು ಇದೆಯಲ್ಲಾ?’ ಎಂಬಲ್ಲಿಗೆ ಮಾತು ಮುಗಿಯುತ್ತದೆ. ಚಿತ್ರ ಮಸುಕಾಗಿ ಬಂದಾಗಲೇ ಉಳಿದ ಪ್ರಶ್ನೆಗಳು ಏಳುವುದು. ಜೀವಕೋಶ, ಅಂಗಾಂಶ, ಭ್ರೂಣಗಳನ್ನು ಫ್ಲೋರೆಸೆಂಟ್ ಬಣ್ಣ (ಒಂದು ಬಣ್ಣದ ಬೆಳಕು ಹೀರಿ ಇನ್ನೊಂದು ಬಣ್ಣದಲ್ಲಿ ಹೊಳೆಯುವಂಥದ್ದು) ಹಾಕಿ ನೋಡುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿ ಉತ್ತರಿಸಲಾಗಿದೆ.

60ಎಕ್ಸ್‌ಗಿಂತ 100ಎಕ್ಸ್ ಉತ್ತಮವಲ್ಲವೇ? ದೊಡ್ಡದಾಗಿ ಕಂಡಷ್ಟೂ ಒಳ್ಳೆಯದಲ್ಲವೇ?

ಅಲ್ಲ. ಆಬ್ಜೆಕ್ಟಿವ್ ಮೇಲೆ 60 ಎಂಬುದರ ಪಕ್ಕ ಗೆರೆ ಎಳೆದು ಇನ್ನೊಂದು ಸಂಖ್ಯೆ ಬರೆದಿರುತ್ತದೆ: 1.40, 0.95, 0.70 ಹೀಗೆ. ಅದು ನ್ಯೂಮರಿಕಲ್ ಅಪರ್ಚರ್, ಬಾಯಿಮಾತಿನಲ್ಲಿ ಎನ್‌ಎ. ಎರಡು ಚುಕ್ಕೆಗಳು ಬೇರೆ ಬೇರೆಯಾಗಿ ಕಾಣುತ್ತವೆಯೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ಆ ಸಂಖ್ಯೆ, ವರ್ಧನೆಯಲ್ಲ. ಪತ್ರಿಕೆಯಲ್ಲಿ ಅಚ್ಚಾದ ಫೋಟೋವನ್ನು ಭೂತಗನ್ನಡಿಯಲ್ಲಿ ನೋಡಿದರೆ ಶಾಯಿಯ ಚುಕ್ಕೆಗಳು ದಪ್ಪವಾಗುತ್ತವೆಯೇ ಹೊರತು ಮುಖ ಸ್ಪಷ್ಟವಾಗುವುದಿಲ್ಲ. ಎನ್‌ಎ ಏರದೆ ವರ್ಧನೆ ಮಾತ್ರ ಏರಿದರೆ ಆಗುವುದೂ ಅದೇ.

60ಎಕ್ಸ್ 1.40 ಮತ್ತು 100ಎಕ್ಸ್ 1.40 ಎರಡರ ರೆಸಲ್ಯೂಷನ್, ಅಂದರೆ ಹತ್ತಿರದ ಚುಕ್ಕೆಗಳನ್ನು ಬಿಡಿಸಿ ತೋರಿಸುವ ಶಕ್ತಿ, ಒಂದೇ. 100ಎಕ್ಸ್‌ನಲ್ಲಿ ನೋಟದ ಕ್ಷೇತ್ರ ಕಿರಿದು, ಚಿತ್ರವೂ ಮಂಕು. ಅದು ನಿಜವಾಗಿ ಬೇಕಾಗುವ ಸಂದರ್ಭಗಳಿವೆ, ಕ್ಯಾಮೆರಾದ ಪ್ರಶ್ನೆಯಲ್ಲಿ ಅದಕ್ಕೆ ಬರೋಣ.

ಎನ್‌ಎ ಅಂದರೆ ಸರಿಯಾಗಿ ಏನು?

ಸ್ಯಾಂಪಲ್‌ನ ಒಂದು ಬಿಂದುವಿನಿಂದ ಎಲ್ಲ ದಿಕ್ಕಿಗೂ ಹೊರಡುವ ಬೆಳಕಿನಲ್ಲಿ ಎಷ್ಟು ಅಗಲದ ಶಂಕುವನ್ನು ಲೆನ್ಸ್ ಹಿಡಿಯಬಲ್ಲದು ಎಂಬುದರ ಅಳತೆ. ಆ ಶಂಕುವಿನ ಅರ್ಧಕೋನದ ಸೈನ್ ಬೆಲೆಯನ್ನು ಲೆನ್ಸ್ ಮತ್ತು ಸ್ಯಾಂಪಲ್ ನಡುವಿನ ಮಾಧ್ಯಮದ ವಕ್ರೀಭವನಾಂಕದಿಂದ ಗುಣಿಸಿದರೆ ಎನ್‌ಎ ಸಿಗುತ್ತದೆ. ಗಾಳಿಯ ವಕ್ರೀಭವನಾಂಕ 1 ಆದ್ದರಿಂದ ನಡುವೆ ಗಾಳಿ ಮಾತ್ರ ಇರುವ ಡ್ರೈ ಆಬ್ಜೆಕ್ಟಿವ್‌ಗಳು 0.95ರ ಹತ್ತಿರ ನಿಂತುಬಿಡುತ್ತವೆ. ನೀರಿನದು 1.33, ಗ್ಲಿಸರಾಲ್‌ನದು 1.47, ಲೆನ್ಸ್ ಮತ್ತು ಸ್ಯಾಂಪಲ್ ನಡುವೆ ಹಾಕುವ ಇಮ್ಮರ್ಷನ್ ಆಯಿಲ್‌ನದು ಸುಮಾರು 1.52. ಹಾಗಾಗಿಯೇ ಆಯಿಲ್ ಆಬ್ಜೆಕ್ಟಿವ್ 1.40 ಮುಟ್ಟಲು ಸಾಧ್ಯ.

ಇದನ್ನು ರೆಸಲ್ಯೂಷನ್ ಜೊತೆ ಜೋಡಿಸಿದವರು ಜರ್ಮನಿಯ ಯೇನಾದಲ್ಲಿ ಕಾರ್ಲ್ ಝೈಸ್ ಜೊತೆ ಕೆಲಸ ಮಾಡುತ್ತಿದ್ದ ಅರ್ನ್ಸ್ಟ್ ಅಬೆ, 1873ರಲ್ಲಿ. ಫ್ಲೋರೆಸೆನ್ಸ್‌ಗೆ ನಾವು ಸಾಮಾನ್ಯವಾಗಿ ಹಾಕುವುದು ರೇಲಿ ಲೆಕ್ಕ: ಹೊರಸೂಸುವ ಬೆಳಕಿನ ತರಂಗಾಂತರವನ್ನು 0.61ರಿಂದ ಗುಣಿಸಿ ಎನ್‌ಎಯಿಂದ ಭಾಗಿಸಿ. ಜಿಎಫ್‌ಪಿ ಎಂಬ ಹೊಳೆಯುವ ಪ್ರೋಟೀನ್‌ನ ಹಸಿರಿನ ಶಿಖರ 509 ನ್ಯಾನೋಮೀಟರ್. 1.40ರ ಲೆನ್ಸ್‌ನಲ್ಲಿ ಉತ್ತರ ಸುಮಾರು 222 ನ್ಯಾನೋಮೀಟರ್, 0.75ರ ಲೆನ್ಸ್‌ನಲ್ಲಿ ಸುಮಾರು 414. ಇದು ಅಡ್ಡಗಲದ ಲೆಕ್ಕ. ಆಳದ ದಿಕ್ಕಿನಲ್ಲಿ ಪರಿಸ್ಥಿತಿ ಇನ್ನೂ ಕೆಟ್ಟದ್ದು, 1.40ರ ಆಯಿಲ್ ಲೆನ್ಸ್‌ನಲ್ಲೂ 800 ನ್ಯಾನೋಮೀಟರ್ ಆಸುಪಾಸು. ಅಲ್ಲಿ ಎನ್‌ಎಯ ವರ್ಗ ಛೇದದಲ್ಲಿ ಕೂರುತ್ತದೆ. ಆದ್ದರಿಂದ ಎನ್‌ಎ ಸ್ವಲ್ಪ ಇಳಿದರೂ ಆಳದ ಸ್ಪಷ್ಟತೆ ಬಹಳವೇ ಇಳಿಯುತ್ತದೆ.

ಒಂದೇ ಸ್ಲೈಡ್ ಒಂದು ಲೆನ್ಸ್‌ನಲ್ಲಿ ಹೊಳೆಯುತ್ತದೆ, ಇನ್ನೊಂದರಲ್ಲಿ ಕಾಣುವುದೇ ಇಲ್ಲ. ಏಕೆ?

ಫ್ಲೋರೆಸೆನ್ಸ್‌ನಲ್ಲಿ ಆಬ್ಜೆಕ್ಟಿವ್‌ಗೆ ಎರಡು ಕೆಲಸ. ಪ್ರಚೋದಿಸುವ ಬೆಳಕು ಅದರ ಮೂಲಕವೇ ಸ್ಯಾಂಪಲ್‌ಗೆ ಇಳಿಯುತ್ತದೆ, ಸ್ಯಾಂಪಲ್ ಹೊರಸೂಸಿದ ಬೆಳಕೂ ಅದರ ಮೂಲಕವೇ ವಾಪಸು ಬರುತ್ತದೆ. ಎಪಿ-ಫ್ಲೋರೆಸೆನ್ಸ್ ಎಂದು ಕರೆಯುವ ಈ ಏರ್ಪಾಡನ್ನು ಒಂದು ಬಣ್ಣ ಪ್ರತಿಫಲಿಸಿ ಇನ್ನೊಂದನ್ನು ಹಾಯಲು ಬಿಡುವ ಡೈಕ್ರೋಯಿಕ್ ಕನ್ನಡಿಗಳೊಂದಿಗೆ ಎಲ್ಲರ ಕೈಗೆಟುಕುವ ಹಾಗೆ ಮಾಡಿದ್ದು ನೆದರ್ಲೆಂಡ್ಸ್‌ನ ಯೋಹಾನ್ ಪ್ಲೂಮ್, 1960ರ ದಶಕದ ಕೊನೆಯಲ್ಲಿ. ಬೆಳಕು ಚೆಲ್ಲುವಾಗ ಎನ್‌ಎಯ ವರ್ಗ, ಹಿಡಿಯುವಾಗ ಮತ್ತೊಮ್ಮೆ ಎನ್‌ಎಯ ವರ್ಗ. ಎರಡೂ ಸೇರಿ ನಾಲ್ಕನೇ ಘಾತ. ಹಿಡಿದ ಬೆಳಕನ್ನು ಕ್ಯಾಮೆರಾದ ಮೇಲೆ ಹರಡುವಾಗ ಮಾತ್ರ ವರ್ಧನೆಯ ವರ್ಗದಿಂದ ಭಾಗಿಸಬೇಕು.

ಲೆಕ್ಕ ಹಾಕಿ ನೋಡಿ. 40ಎಕ್ಸ್ 0.75 ಡ್ರೈ ಮತ್ತು 40ಎಕ್ಸ್ 1.30 ಆಯಿಲ್: ವರ್ಧನೆ ಒಂದೇ, ಆದರೆ ಎರಡನೆಯದರ ಚಿತ್ರ ಸುಮಾರು 9 ಪಟ್ಟು ಪ್ರಕಾಶ. 60ಎಕ್ಸ್ 1.40ರ ಚಿತ್ರ 100ಎಕ್ಸ್ 1.40ರದ್ದಕ್ಕಿಂತ ಸುಮಾರು 2.8 ಪಟ್ಟು ಪ್ರಕಾಶ. ಹಳೆಯ 20ಎಕ್ಸ್ 0.50 ತೆಗೆದು 20ಎಕ್ಸ್ 0.75 ಹಾಕಿದರೆ 5 ಪಟ್ಟು. ಸಿಗ್ನಲ್ ಇಲ್ಲ ಎಂದು ಆಂಟಿಬಾಡಿಯನ್ನು ಬೈಯುವ ಮೊದಲು ಈ ಭಾಗಾಕಾರ ಮಾಡಿ. ದುಬಾರಿ ಕ್ಯಾಮೆರಾ ಕೊಂಡರೂ ಇಷ್ಟು ಲಾಭ ಸಿಗುವುದು ಕಷ್ಟ.

ಇದಕ್ಕೆ ಎರಡು ತಿದ್ದುಪಡಿ. ಲೆಕ್ಕ ಹೊಂದುವುದು ಕ್ಯಾಮೆರಾ ಇರುವ ವೈಡ್‌ಫೀಲ್ಡ್ ಮೈಕ್ರೋಸ್ಕೋಪ್‌ಗೆ. ಲೇಸರ್ ಬಿಂದುವನ್ನು ಓಡಿಸುವ ಕಾನ್‌ಫೋಕಲ್‌ನಲ್ಲಿ ಬೆಳಕು ಪಿಕ್ಸೆಲ್‌ಗಳ ಮೇಲೆ ಹರಡಿಕೊಳ್ಳುವುದಿಲ್ಲ, ಅಲ್ಲಿ ವರ್ಧನೆಯ ಪೆಟ್ಟು ಹೀಗೆ ಬೀಳದು, ಎನ್‌ಎಯದ್ದೇ ಮುಖ್ಯ ಮಾತು. ಇನ್ನೊಂದು, ಎನ್‌ಎ ಏರಿದರೆ ಸ್ಯಾಂಪಲ್ ಮೇಲೆ ಬೀಳುವ ಬೆಳಕೂ ದಟ್ಟವಾಗುತ್ತದೆ. ಲ್ಯಾಂಪ್ ಇಳಿಸದಿದ್ದರೆ ಬಣ್ಣ ಬೇಗ ಬ್ಲೀಚ್ ಆಗುತ್ತದೆ, ಅಂದರೆ ಹೊಳಪು ಕಳೆದುಕೊಳ್ಳುತ್ತದೆ.

ಲೆನ್ಸ್ ಮೇಲೆ ಬರೆದಿರುವುದನ್ನೆಲ್ಲ ಓದುವುದು ಹೇಗೆ?

‘ಪ್ಲಾನ್ ಅಪೋ 60ಎಕ್ಸ್/1.40 ಆಯಿಲ್, ಮಲಗಿಸಿದ ಎಂಟು/0.17, ಡಬ್ಲ್ಯೂಡಿ 0.13’ ಎಂದು ಇದೆ ಎಂದುಕೊಳ್ಳಿ. ಪ್ಲಾನ್ ಎಂದರೆ ಕ್ಷೇತ್ರದ ಅಂಚಿನವರೆಗೂ ಫೋಕಸ್ ಸಮತಟ್ಟು. ಅಪೋ ಬಣ್ಣಗಳ ತಿದ್ದುಪಡಿಯ ದರ್ಜೆ. ಮಲಗಿಸಿದ ಎಂಟು ಅನಂತದ ಗುರುತು, ಇದಕ್ಕೆ ಮೈಕ್ರೋಸ್ಕೋಪ್ ಒಳಗೆ ಟ್ಯೂಬ್ ಲೆನ್ಸ್ ಇರಲೇಬೇಕು. 0.17 ಎಂಬುದು ಕವರ್‌ಸ್ಲಿಪ್ (ಸ್ಯಾಂಪಲ್ ಮುಚ್ಚುವ ತೆಳು ಗಾಜು) ದಪ್ಪ, ಮಿಲಿಮೀಟರ್‌ನಲ್ಲಿ. ಆ ಜಾಗದಲ್ಲಿ 0 ಇದ್ದರೆ ಕವರ್‌ಸ್ಲಿಪ್ ಇಲ್ಲದೆ ನೋಡಬೇಕು, ಅಡ್ಡಗೆರೆ ಇದ್ದರೆ ಎರಡೂ ಆದೀತು. ಡಬ್ಲ್ಯೂಡಿ ಎಂದರೆ ಫೋಕಸ್ ಆದಾಗ ಲೆನ್ಸ್ ತುದಿಗೂ ಕವರ್‌ಸ್ಲಿಪ್‌ಗೂ ಉಳಿಯುವ ಅಂತರ. 0.13 ಮಿಲಿಮೀಟರ್ ಎಂದರೆ ಕೂದಲೆಳೆಗಿಂತ ಸ್ವಲ್ಪ ಹೆಚ್ಚು, ನಾಬ್ ತಿರುಗಿಸುವಾಗ ನೆನಪಿರಲಿ.

ಬಣ್ಣದ ಪಟ್ಟಿಗಳಿಂದಲೂ ಗುರುತು ಹಿಡಿಯಬಹುದು. ವರ್ಧನೆಗೆ: 4ಎಕ್ಸ್ ಕೆಂಪು, 10ಎಕ್ಸ್ ಹಳದಿ, 20ಎಕ್ಸ್ ಹಸಿರು, 40ಎಕ್ಸ್ ತಿಳಿನೀಲಿ, 60ಎಕ್ಸ್ ಕಡುನೀಲಿ, 100ಎಕ್ಸ್ ಬಿಳಿ. ತುದಿಯ ಹತ್ತಿರ ಇನ್ನೊಂದು ಸಣ್ಣ ಪಟ್ಟಿ ಇದ್ದರೆ ಅದು ಯಾವ ದ್ರವ ಹಾಕಬೇಕೆಂದು ಹೇಳುತ್ತದೆ: ಕಪ್ಪು ಆಯಿಲ್, ಬಿಳಿ ನೀರು, ಕಿತ್ತಳೆ ಗ್ಲಿಸರಾಲ್, ಕೆಂಪು ಇದ್ದರೆ ಹಲವು ದ್ರವಗಳಿಗೆ ಆಗುವಂಥದ್ದು. ಈ ಎರಡನೇ ಪಟ್ಟಿ ಇಲ್ಲದಿದ್ದರೆ ಅದು ಡ್ರೈ. ಅದರ ಹತ್ತಿರ ಆಯಿಲ್ ಬಾಟಲಿ ತರಬೇಡಿ.

ಆಕ್ರೋಮ್ಯಾಟ್, ಫ್ಲೋರ್, ಅಪೋ: ದುಡ್ಡು ಹೆಚ್ಚು ಕೊಟ್ಟರೆ ಅಪೋ, ಅಷ್ಟೇ ತಾನೇ?

ಆಕ್ರೋಮ್ಯಾಟ್ ಎರಡು ಬಣ್ಣಗಳನ್ನು ಒಂದೇ ಫೋಕಸ್‌ಗೆ ತರುತ್ತದೆ. ಕಾಲೇಜಿನ ಪ್ರಾಯೋಗಿಕ ತರಗತಿಗೆ ಸಾಕು. ಅಪೋಕ್ರೋಮ್ಯಾಟ್ ಇನ್ನೂ ಹೆಚ್ಚು ಬಣ್ಣಗಳನ್ನು ಒಂದೆಡೆ ಸೇರಿಸುತ್ತದೆ, ಎನ್‌ಎಯೂ ಸಾಮಾನ್ಯವಾಗಿ ಹೆಚ್ಚು. ನಡುವೆ ಇರುವುದು ಫ್ಲೋರೈಟ್ ಅಥವಾ ಸೆಮಿ-ಅಪೋ, ಲೆನ್ಸ್ ಮೇಲೆ ಫ್ಲೋರ್ ಅಥವಾ ಫ್ಲುವಾರ್ ಎಂಬ ಹೆಸರು. ಫ್ಲೋರೈಟ್ ಎಂದರೆ ಕ್ಯಾಲ್ಸಿಯಂ ಫ್ಲೋರೈಡ್ ಖನಿಜ. ಅಬೆ 1880ರ ದಶಕದಲ್ಲಿ ತಮ್ಮ ಅಪೋಕ್ರೋಮ್ಯಾಟ್‌ಗಳಲ್ಲಿ ಇದನ್ನೇ ಬಳಸಿದ್ದು.

ಹಾಗೆಂದು ಅಪೋ ಯಾವಾಗಲೂ ಗೆಲ್ಲುವುದಿಲ್ಲ. ಬಣ್ಣ ತಿದ್ದಲು ಅದರೊಳಗೆ ಹೆಚ್ಚು ಗಾಜಿನ ತುಂಡುಗಳು ಕೂತಿರುತ್ತವೆ, ಅವುಗಳಲ್ಲಿ ಕೆಲವು ಅತಿನೇರಳೆ ಬೆಳಕನ್ನು ತಿಂದುಹಾಕುತ್ತವೆ. ಕ್ಯಾಲ್ಸಿಯಂ ಅಳೆಯುವ ಫುರಾ-2 ಬಣ್ಣವನ್ನು 340 ಮತ್ತು 380 ನ್ಯಾನೋಮೀಟರ್‌ನಲ್ಲಿ ಪ್ರಚೋದಿಸಬೇಕು. 340 ಬಿಡುವ ಫ್ಲೋರ್ ಲೆನ್ಸ್ ಇಲ್ಲದಿದ್ದರೆ ಆ ಪ್ರಯೋಗವೇ ಸಾಗದು. ಡಿಎನ್‌ಎಗೆ ಹಚ್ಚುವ ಡ್ಯಾಪಿ ಬಣ್ಣ 358ರ ಹತ್ತಿರ ಹೀರುತ್ತದೆ, 405 ನ್ಯಾನೋಮೀಟರ್ ಲೇಸರ್‌ನಲ್ಲೂ ಹೇಗೋ ನಡೆದುಹೋಗುತ್ತದೆ, ಅದಕ್ಕೆ ಇಷ್ಟು ತಲೆಕೆಡಿಸಿಕೊಳ್ಳಬೇಕಿಲ್ಲ. ತಯಾರಕರ ತಾಣದಲ್ಲಿ ಪ್ರತಿ ಆಬ್ಜೆಕ್ಟಿವ್‌ಗೂ ತರಂಗಾಂತರಕ್ಕೆ ತಕ್ಕ ಟ್ರಾನ್ಸ್‌ಮಿಷನ್ ನಕ್ಷೆ ಇರುತ್ತದೆ. ಬೆಲೆಪಟ್ಟಿಗಿಂತ ಮೊದಲು ಅದನ್ನು ಕೇಳಿ. ಒಂದೇ ಬಣ್ಣದಲ್ಲಿ, ಮಂಕು ಸ್ಯಾಂಪಲ್ ನೋಡುವವರಿಗೆ ಒಳ್ಳೆಯ ಫ್ಲೋರ್ ಲೆನ್ಸ್ ಧಾರಾಳ ಸಾಕು.

ಕವರ್‌ಸ್ಲಿಪ್ ಯಾವುದಾದರೂ ಆಗುವುದಿಲ್ಲವೇ? ಲ್ಯಾಬಿನಲ್ಲಿ ನಂ. 1 ಡಬ್ಬಗಳೇ ಇವೆ.

ನಂ. 1 ಕವರ್‌ಸ್ಲಿಪ್ 0.13ರಿಂದ 0.16 ಮಿಲಿಮೀಟರ್ ದಪ್ಪ. ಬಹುಪಾಲು ಆಬ್ಜೆಕ್ಟಿವ್‌ಗಳನ್ನು ಲೆಕ್ಕ ಹಾಕಿರುವುದು 0.17ಕ್ಕೆ, ಅಂದರೆ ನಂ. 1.5ಕ್ಕೆ. ಅದರಲ್ಲೂ ದಪ್ಪ ಕಟ್ಟುನಿಟ್ಟಾಗಿ 0.170ರಿಂದ ಹೆಚ್ಚೆಂದರೆ 0.005 ಆಚೀಚೆ ಇರುವುದು 1.5ಎಚ್.

ಇಲ್ಲೊಂದು ವಿಚಿತ್ರವಿದೆ. ಆಯಿಲ್ ಲೆನ್ಸ್‌ಗೆ ದಪ್ಪ ಸ್ವಲ್ಪ ತಪ್ಪಿದರೆ ಅಷ್ಟು ನೋವಿಲ್ಲ, ಏಕೆಂದರೆ ಆಯಿಲ್ ಮತ್ತು ಗಾಜು ಎರಡರ ವಕ್ರೀಭವನಾಂಕ ಹೆಚ್ಚುಕಡಿಮೆ ಒಂದೇ. ಗಾಜು ಕಡಿಮೆಯಾದ ಜಾಗವನ್ನು ಆಯಿಲ್ ತುಂಬುತ್ತದೆ. ನಿಜವಾಗಿ ಏಟು ತಿನ್ನುವುದು ಎಲ್ಲರೂ ‘ಸುಲಭದ್ದು’ ಎಂದುಕೊಳ್ಳುವ 40ಎಕ್ಸ್ 0.95 ಡ್ರೈ. ಕವರ್‌ಸ್ಲಿಪ್ 0.01 ಮಿಲಿಮೀಟರ್ ಆಚೀಚೆಯಾದರೂ ಅದರಲ್ಲಿ ಚುಕ್ಕೆಯ ಸುತ್ತ ಮಂಜು ಕವಿಯುತ್ತದೆ. ನೀರಿನ ಲೆನ್ಸ್‌ಗಳದ್ದೂ ಇದೇ ಕಥೆ. ಅದಕ್ಕೇ ಇವುಗಳ ಕುತ್ತಿಗೆಯಲ್ಲಿ 0.11ರಿಂದ 0.23ರವರೆಗೆ ಗುರುತು ಹಾಕಿದ ತಿರುಗುವ ಬಳೆ ಇರುತ್ತದೆ, ಕರೆಕ್ಷನ್ ಕಾಲರ್. ಹೊಸಬರು ಅದನ್ನು ಮುಟ್ಟಲೇ ಹೆದರುತ್ತಾರೆ. ಮುಟ್ಟಬೇಕು. ಒಂದು ಸಣ್ಣ ಹೊಳೆಯುವ ಚುಕ್ಕೆಗೆ ಫೋಕಸ್ ಮಾಡಿ, ಕಾಲರ್ ಸ್ವಲ್ಪ ತಿರುಗಿಸಿ, ಫೋಕಸ್ ತಪ್ಪುತ್ತದೆ, ಮತ್ತೆ ಸರಿ ಮಾಡಿ. ಚುಕ್ಕೆ ಹೆಚ್ಚು ಹೊಳೆಯಿತೇ, ಮಂಕಾಯಿತೇ? ಹೊಳೆದ ದಿಕ್ಕಿಗೇ ಮುಂದುವರಿಯಿರಿ. ಫೋಕಸ್‌ನಿಂದ ಮೇಲೆ ಮತ್ತು ಕೆಳಗೆ ಸಮಾನವಾಗಿ ಸರಿದಾಗ ಉಂಗುರಗಳು ಒಂದೇ ತೆರನಾಗಿ ಕಂಡರೆ ಕಾಲರ್ ಸರಿಯಾದ ಜಾಗದಲ್ಲಿದೆ. ನಿಮ್ಮ ಕೆಲಸ ಮುಗಿದ ಮೇಲೆ ಅದನ್ನು 0.17ಕ್ಕೆ ತಂದಿಟ್ಟು ಹೋಗಿ, ಮುಂದಿನವರು ನಿಮ್ಮನ್ನು ಶಪಿಸದಿರಲಿ.

ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದು: ಕೋಶಗಳನ್ನು ಸ್ಲೈಡ್ ಮೇಲೆ ಬೆಳೆಸಿ, ಮೇಲೆ ಸ್ಯಾಂಪಲ್ ಕಾಪಿಡುವ ಮೌಂಟಿಂಗ್ ದ್ರವ ಸುರಿದು, ಅದರ ಮೇಲೆ ಕವರ್‌ಸ್ಲಿಪ್ ಮುಚ್ಚುವುದು. ಆಗ ಲೆನ್ಸ್ ಮತ್ತು ಕೋಶದ ನಡುವೆ ಗಾಜಿನ ಜೊತೆಗೆ ದ್ರವದ ಪದರವೂ ಸೇರಿಕೊಳ್ಳುತ್ತದೆ. ಕೋಶ ಇರಬೇಕಾದದ್ದು ಕವರ್‌ಸ್ಲಿಪ್‌ಗೆ ಅಂಟಿಕೊಂಡು.

ಆಯಿಲ್, ನೀರು, ಗ್ಲಿಸರಾಲ್, ಡ್ರೈ: ನನಗೆ ಯಾವುದು?

ಸ್ಯಾಂಪಲ್ ಯಾವುದರಲ್ಲಿ ಮುಳುಗಿದೆಯೋ ಅದರ ವಕ್ರೀಭವನಾಂಕಕ್ಕೆ ಹತ್ತಿರವಾದದ್ದು. ಪೂರ್ತಿ ಉತ್ತರ ಇಷ್ಟೇ, ಉಳಿದದ್ದು ವಿವರಣೆ.

ಕವರ್‌ಸ್ಲಿಪ್‌ಗೆ ಅಂಟಿದ, ಫಿಕ್ಸ್ ಮಾಡಿದ, ಒಣಗಿ ಗಟ್ಟಿಯಾಗುವ ಮೌಂಟಿಂಗ್ ಮಾಧ್ಯಮದಲ್ಲಿರುವ ತೆಳು ಕೋಶಕ್ಕೆ 60ಎಕ್ಸ್ 1.40 ಆಯಿಲ್ ಹಾಕಿ, ಚಿಂತೆ ಬಿಡಿ. ಅದೇ ಲೆನ್ಸ್ ಹಾಕಿಕೊಂಡು ಬಫರ್‌ನಲ್ಲಿರುವ ಜೀಬ್ರಾಫಿಶ್ ಭ್ರೂಣದೊಳಗೆ 50 ಮೈಕ್ರೋಮೀಟರ್ ಇಳಿಯಲು ಹೋದರೆ ಚಿತ್ರ ಕೆಡುತ್ತದೆ. ಗಾಜು ದಾಟಿದ ಬೆಳಕು ನೀರಿಗೆ ಇಳಿದು ಬಾಗುತ್ತದೆ. ಶಂಕುವಿನ ಅಂಚಿನ ಕಿರಣಗಳು ಒಂದೆಡೆ, ನಡುವಿನವು ಇನ್ನೊಂದೆಡೆ ಸೇರುತ್ತವೆ. ಇದೇ ಸ್ಫೆರಿಕಲ್ ಅಬರೇಷನ್. ಆಳಕ್ಕೆ ಹೋದಷ್ಟೂ ಹೆಚ್ಚು. ಮೊದಲ ಕೆಲವು ಮೈಕ್ರೋಮೀಟರ್ ಗೊತ್ತಾಗುವುದಿಲ್ಲ, ಹತ್ತು ದಾಟುವ ಹೊತ್ತಿಗೆ ಕಣ್ಣಿಗೇ ತಿಳಿಯುತ್ತದೆ. ಇಂಥ ಕಡೆ 60ಎಕ್ಸ್ 1.20 ವಾಟರ್ ಲೆನ್ಸ್ ಕಾಗದದ ಮೇಲೆ ಸೋತಂತೆ ಕಂಡರೂ ಸ್ಯಾಂಪಲ್ ಒಳಗೆ ಗೆಲ್ಲುತ್ತದೆ.

ಅಳತೆಗೂ ಪೆಟ್ಟು ಬೀಳುತ್ತದೆ. ಆಯಿಲ್ ಲೆನ್ಸ್ ಅನ್ನು ನೀರಿನ ಸ್ಯಾಂಪಲ್‌ನಲ್ಲಿ 10 ಮೈಕ್ರೋಮೀಟರ್ ಸರಿಸಿದರೆ ಫೋಕಸ್ ಸರಿಯುವುದು 9ಕ್ಕಿಂತ ಕಡಿಮೆ. ಸಾಫ್ಟ್‌ವೇರ್ ಮಾತ್ರ 10 ಎಂದೇ ಬರೆದುಕೊಳ್ಳುತ್ತದೆ. ದುಂಡನೆಯ ನ್ಯೂಕ್ಲಿಯಸ್ ಝಡ್-ಸ್ಟ್ಯಾಕ್‌ನಲ್ಲಿ (ಆಳದುದ್ದಕ್ಕೂ ಪದರ ಪದರವಾಗಿ ತೆಗೆದ ಚಿತ್ರಗಳಲ್ಲಿ) ಉದ್ದುದ್ದ ಕಂಡರೆ ಜೀವಶಾಸ್ತ್ರದ ಹೊಸ ಸಂಗತಿ ಸಿಕ್ಕಿತೆಂದು ಸಂಭ್ರಮಿಸಬೇಡಿ.

ಗ್ಲಿಸರಾಲ್ ಲೆನ್ಸ್ ಗ್ಲಿಸರಾಲ್ ಮೌಂಟ್‌ಗೆ. ವಕ್ರೀಭವನಾಂಕ 1.40ರ ಆಸುಪಾಸಿನ ಸಿಲಿಕೋನ್ ಆಯಿಲ್ ಲೆನ್ಸ್‌ಗಳು ಜೀವಂತ ಅಂಗಾಂಶಕ್ಕೆ ಚೆನ್ನಾಗಿ ಹೊಂದುತ್ತವೆ, ಮೇಲಾಗಿ ಸಿಲಿಕೋನ್ ನೀರಿನ ಹಾಗೆ ಆರುವುದಿಲ್ಲ. ಡ್ರೈ ಲೆನ್ಸ್ ಹುಡುಕಾಟಕ್ಕೆ, ಇಡೀ ಸೆಕ್ಷನ್ ಹೊಲಿದು ಜೋಡಿಸುವುದಕ್ಕೆ, ಬಹುಬಾವಿ ತಟ್ಟೆಗಳ ಸ್ಕ್ರೀನಿಂಗ್‌ಗೆ.

ಆಯಿಲ್ ಎಂದರೆ ಯಾವ ಆಯಿಲ್? ಹಳೆ ಸೀಡರ್‌ವುಡ್ ಆಯಿಲ್ ಬಾಟಲಿ ಇದೆ.

ಅದನ್ನು ಫ್ಲೋರೆಸೆನ್ಸ್‌ಗೆ ತರಬೇಡಿ. ಸೀಡರ್‌ವುಡ್ ಎಣ್ಣೆ ತಾನೇ ಹೊಳೆಯುತ್ತದೆ, ಲೆನ್ಸ್ ಮೇಲೆ ಬಿಟ್ಟರೆ ಅಂಟಾಗಿ ಗಟ್ಟಿಯಾಗುತ್ತದೆ. ಫ್ಲೋರೆಸೆನ್ಸ್‌ಗೆಂದೇ ಮಾಡಿದ, ಸ್ವತಃ ಹೊಳೆಯದ ಆಯಿಲ್ ಕೊಳ್ಳಿ. ಸಾಮಾನ್ಯವಾದದ್ದರ ವಕ್ರೀಭವನಾಂಕ 23 ಡಿಗ್ರಿಯಲ್ಲಿ 1.518. 37 ಡಿಗ್ರಿಗೆ ಬಿಸಿಯಾದಾಗ ಅದು ಇಳಿಯುತ್ತದೆ, ಆ ತಾಪಮಾನಕ್ಕೆಂದೇ ಬೇರೆ ಆಯಿಲ್ ಸಿಗುತ್ತದೆ. ಎರಡು ಬ್ರ್ಯಾಂಡ್‌ಗಳನ್ನು ಒಂದೇ ಲೆನ್ಸ್ ಮೇಲೆ ಬೆರೆಸಬೇಡಿ, ಮಬ್ಬಾಗಬಹುದು. ಒಂದು ಹನಿ ಸಾಕು. ಬಾಟಲಿ ಅಲ್ಲಾಡಿಸಬೇಡಿ, ಗುಳ್ಳೆ ಸೇರುತ್ತದೆ. ಚಿತ್ರದ ಒಂದು ಕಡೆ ಮಾತ್ರ ಮಂಕಾಗಿ, ಚುಕ್ಕೆಗಳಿಗೆ ಬಾಲ ಬಂದಂತೆ ಕಂಡರೆ ಮೊದಲ ಅನುಮಾನ ಗುಳ್ಳೆಯ ಮೇಲೆ.

10ಎಕ್ಸ್‌ನಲ್ಲಿ ಕೋಶ ಕಾಣುತ್ತದೆ, 60ಎಕ್ಸ್ ಆಯಿಲ್‌ಗೆ ಬಂದರೆ ಫೋಕಸ್ಸೇ ಸಿಗುವುದಿಲ್ಲ. ಲೆನ್ಸ್ ಕೆಟ್ಟಿದೆಯೇ?

ಸ್ಲೈಡ್ ತಿರುಗಿಸಿ ನೋಡಿ. ಇನ್ವರ್ಟೆಡ್ ಮೈಕ್ರೋಸ್ಕೋಪ್‌ನಲ್ಲಿ ಲೆನ್ಸ್ ಕೆಳಗಿರುತ್ತದೆ, ಹಾಗಾಗಿ ಕವರ್‌ಸ್ಲಿಪ್ ಕೆಳಮುಖವಾಗಿರಬೇಕು. ಸ್ಲೈಡ್ ಗಾಜು ಸುಮಾರು 1 ಮಿಲಿಮೀಟರ್ ದಪ್ಪ. 10ಎಕ್ಸ್ ಲೆನ್ಸ್‌ಗೆ ಅದರಾಚೆ ನೋಡುವಷ್ಟು ಅಂತರವಿದೆ, 60ಎಕ್ಸ್ ಆಯಿಲ್‌ಗೆ ಇಲ್ಲ. ನಾಬ್ ಇನ್ನೂ ಏರಿಸುತ್ತಾ ಹೋದರೆ ಲೆನ್ಸ್ ಸ್ಲೈಡ್ ಅನ್ನೇ ಎತ್ತುತ್ತದೆ. ಈ ಪ್ರಶ್ನೆಗೆ ಹತ್ತರಲ್ಲಿ ಒಂಬತ್ತು ಸಲ ಉತ್ತರ ಇದೇ.

ಪ್ಲಾಸ್ಟಿಕ್ ಡಿಶ್‌ನಲ್ಲೇ ನೋಡಬಹುದೇ?

ನೋಡಬಹುದು, ಒಳ್ಳೆಯ ಚಿತ್ರ ಬೇಡವೆಂದರೆ. ಡಿಶ್‌ನ ತಳ ಸುಮಾರು 1 ಮಿಲಿಮೀಟರ್, ಅದರ ವಕ್ರೀಭವನಾಂಕ ಗಾಜಿನದ್ದಲ್ಲ, ಮೇಲಾಗಿ ಪಾಲಿಸ್ಟೈರೀನ್ ತಾನೂ ಹೊಳೆಯುತ್ತದೆ. ಉದ್ದ ಅಂತರದ 20ಎಕ್ಸ್ ಅಥವಾ 40ಎಕ್ಸ್ ಲೆನ್ಸ್‌ಗಳಲ್ಲಿ 0ರಿಂದ 2 ಮಿಲಿಮೀಟರ್‌ವರೆಗೆ ಕಾಲರ್ ಇರುತ್ತದೆ, ಟ್ರಾನ್ಸ್‌ಫೆಕ್ಷನ್ (ಕೋಶದೊಳಗೆ ಹೊರಗಿನ ಡಿಎನ್‌ಎ ಸೇರಿಸುವುದು) ಆಯಿತೋ ಇಲ್ಲವೋ ನೋಡಲು ಅವು ಸಾಕು. ಪ್ರಕಟಿಸುವ ಚಿತ್ರಕ್ಕೆ ನಂ. 1.5 ಗಾಜಿನ ತಳದ ಡಿಶ್ ತೆಗೆದುಕೊಳ್ಳಿ.

ಜೀವಂತ ಕೋಶಗಳನ್ನು ರಾತ್ರಿಯಿಡೀ ಚಿತ್ರಿಸುವಾಗ ಆಬ್ಜೆಕ್ಟಿವ್ ವಿಷಯದಲ್ಲಿ ಏನು ಜಾಗ್ರತೆ?

ಆಯಿಲ್ ಅಥವಾ ನೀರಿನ ಮೂಲಕ ಕೋಶಕ್ಕೆ ತಾಗಿರುವ ಲೆನ್ಸ್ ಒಂದು ದೊಡ್ಡ ಲೋಹದ ಗಟ್ಟಿ. ಸ್ಟೇಜ್ ಮಾತ್ರ 37 ಡಿಗ್ರಿಗೆ ಬಿಸಿ ಮಾಡಿ ಲೆನ್ಸ್ ಅನ್ನು ಎಸಿ ಕೋಣೆಯ ತಾಪಮಾನಕ್ಕೆ ಬಿಟ್ಟರೆ, ಅದು ನೀವು ನೋಡುತ್ತಿರುವ ಜಾಗದ ಶಾಖವನ್ನೇ ಹೀರುತ್ತದೆ. ಪರದೆ ಮೇಲೆ 37 ಎಂದಿರುತ್ತದೆ, ಕೋಶಕ್ಕೆ ಮಾತ್ರ ಚಳಿ. ಲೆನ್ಸ್ ಹೀಟರ್ ಹಾಕಿ, ಇಲ್ಲವೇ ಇಡೀ ಮೈಕ್ರೋಸ್ಕೋಪ್ ಸುತ್ತ ಪೆಟ್ಟಿಗೆ ಕಟ್ಟಿ. ಪ್ರಯೋಗಕ್ಕೆ ಕೆಲವು ಗಂಟೆ ಮೊದಲೇ ಬಿಸಿ ಮಾಡಿಟ್ಟರೆ ಫೋಕಸ್ ಜಾರುವುದೂ ಕಡಿಮೆಯಾಗುತ್ತದೆ. ವಾಟರ್ ಲೆನ್ಸ್ ಆದರೆ ಮಧ್ಯರಾತ್ರಿ ನೀರು ಆರಿ ಚಿತ್ರ ಕಪ್ಪಾಗಿರುತ್ತದೆ. ನೀರಿನದೇ ವಕ್ರೀಭವನಾಂಕವಿರುವ, ಆರದ ಇಮ್ಮರ್ಷನ್ ದ್ರವ ಸಿಗುತ್ತದೆ, ಅದನ್ನು ಬಳಸಿ.

ಕ್ಯಾಮೆರಾಕ್ಕೂ ಆಬ್ಜೆಕ್ಟಿವ್‌ಗೂ ಹೊಂದಾಣಿಕೆ ನೋಡಬೇಕೇ?

ನೋಡಲೇಬೇಕು. ಲೆನ್ಸ್ ಬಿಡಿಸಿ ತೋರಿಸುವ ಅತಿ ಸಣ್ಣ ಅಂತರದಲ್ಲಿ ಕನಿಷ್ಠ ಎರಡು ಪಿಕ್ಸೆಲ್ ಕೂರಬೇಕು, ಎರಡೂವರೆ ಇದ್ದರೆ ಇನ್ನೂ ಒಳ್ಳೆಯದು. ಈಗಿನ ಹೆಚ್ಚಿನ ಎಸ್‌ಸಿಮಾಸ್ ಕ್ಯಾಮೆರಾಗಳ ಪಿಕ್ಸೆಲ್ 6.5 ಮೈಕ್ರೋಮೀಟರ್. 60ರಿಂದ ಭಾಗಿಸಿದರೆ ಸ್ಯಾಂಪಲ್ ಮೇಲೆ 108 ನ್ಯಾನೋಮೀಟರ್. 1.40ರ ಲೆನ್ಸ್‌ನ 222ಕ್ಕೆ ಎರಡು ಪಿಕ್ಸೆಲ್ ಹಿಡಿಯುತ್ತದೆ, ಅಂಚಿನಲ್ಲಿ ಪಾಸು. 40ಎಕ್ಸ್ 1.30ರಲ್ಲಿ ಪಿಕ್ಸೆಲ್ 162 ಆಗುತ್ತದೆ, ಲೆನ್ಸ್ ಕೊಡುವುದು 239ರ ವಿವರ. ಅಂದರೆ ಲೆನ್ಸ್ ಕೊಟ್ಟದ್ದನ್ನು ಕ್ಯಾಮೆರಾ ಕಳೆಯುತ್ತಿದೆ. 100ಎಕ್ಸ್ ಲೆನ್ಸ್ ಅರ್ಥಪೂರ್ಣವಾಗುವುದು ಇಂಥಲ್ಲಿ: ಪಿಕ್ಸೆಲ್ 65 ನ್ಯಾನೋಮೀಟರ್‌ಗೆ ಇಳಿಯುತ್ತದೆ, ಡೀಕನ್ವಲ್ಯೂಷನ್ (ಚಿತ್ರದ ಮಸುಕನ್ನು ಲೆಕ್ಕ ಹಾಕಿ ತೆಗೆಯುವುದು) ಮಾಡುವವರಿಗೂ, ಒಂಟಿ ಅಣುಗಳ ಸ್ಥಾನ ಹುಡುಕುವವರಿಗೂ ಅದು ಬೇಕು. ಪ್ರೋಟೀನ್ ಕೋಶದಲ್ಲಿ ಎಷ್ಟಿದೆ ಎಂದು ಮಾತ್ರ ಅಳೆಯುವವರು ಇದನ್ನು ಮರೆತು ಪ್ರಕಾಶಕ್ಕೇ ಬೆಲೆ ಕೊಡಲಿ.

ಫೇಸ್ ಕಾಂಟ್ರಾಸ್ಟ್ ಆಬ್ಜೆಕ್ಟಿವ್‌ನಲ್ಲಿ ಫ್ಲೋರೆಸೆನ್ಸ್ ನೋಡಬಹುದೇ?

ನೋಡಬಹುದು. ಬಣ್ಣ ಹಾಕದ ಕೋಶವನ್ನೂ ಕಾಣಿಸಲೆಂದು ಅದರೊಳಗೆ ಇಟ್ಟಿರುವ ಬೂದುಬಣ್ಣದ ಉಂಗುರ ಸ್ವಲ್ಪ ಬೆಳಕು ನುಂಗುತ್ತದೆ, ಚುಕ್ಕೆಯ ಆಕಾರವನ್ನೂ ತುಸು ಕೆಡಿಸುತ್ತದೆ. ಬ್ಯಾಕ್ಟೀರಿಯಾ ಕೆಲಸ ಮಾಡುವವರು ಎರಡೂ ಚಿತ್ರ ಒಟ್ಟಿಗೆ ಬೇಕೆಂದು ಇದನ್ನೇ ಇಟ್ಟುಕೊಳ್ಳುತ್ತಾರೆ, ಅದು ಸರಿಯಾದ ರಾಜಿ.

ಟಿರ್ಫ್‌ಗೆ ಬೇರೆಯೇ ಲೆನ್ಸ್ ಬೇಕೆನ್ನುತ್ತಾರೆ. 1.40 ಸಾಲದೇ?

ಟಿರ್ಫ್‌ನಲ್ಲಿ ಬೆಳಕು ಗಾಜಿನಿಂದ ಕೋಶಕ್ಕೆ ದಾಟದೆ ಪೂರ್ತಿ ಪ್ರತಿಫಲಿಸಬೇಕು. ಗಾಜಿನ ಮೇಲಿನ ಸುಮಾರು 100 ನ್ಯಾನೋಮೀಟರ್ ಪದರದಲ್ಲಿ ಮಾತ್ರ ಬಣ್ಣ ಹೊಳೆಯುತ್ತದೆ. ಇದಕ್ಕೆ ಎನ್‌ಎ ಕೋಶದ ವಕ್ರೀಭವನಾಂಕಕ್ಕಿಂತ ಹೆಚ್ಚಿರಬೇಕು. ಕೋಶದ್ದು 1.38ರ ಆಸುಪಾಸು ಇರುವಾಗ 1.40ರಲ್ಲಿ ಉಳಿಯುವ ಅಂಚು ತೀರಾ ಕಿರಿದು, ಲೇಸರ್ ಕೋನ ಕೂರಿಸಲು ಪರದಾಡಬೇಕು. ಹಾಗಾಗಿ 1.45, 1.49ರ ಲೆನ್ಸ್‌ಗಳು.

ಬೇರೆ ಕಂಪನಿಯ ಆಬ್ಜೆಕ್ಟಿವ್ ಉಳಿದಿದೆ. ನಮ್ಮ ಮೈಕ್ರೋಸ್ಕೋಪ್‌ಗೆ ತಿರುಗಿಸಿ ಕೂರಿಸಬಹುದೇ?

ಅಡಾಪ್ಟರ್ ಸಿಕ್ಕರೆ ಕೂರುತ್ತದೆ. ಕೂತ ಮಾತ್ರಕ್ಕೆ ಸರಿಹೋಯಿತೆಂದಲ್ಲ. ಟ್ಯೂಬ್ ಲೆನ್ಸ್‌ನ ನಾಭಿದೂರ ನಿಕಾನ್ ಮತ್ತು ಲೈಕಾದಲ್ಲಿ 200 ಮಿಲಿಮೀಟರ್, ಒಲಿಂಪಸ್‌ನಲ್ಲಿ 180, ಝೈಸ್‌ನಲ್ಲಿ 165. ಒಲಿಂಪಸ್ 60ಎಕ್ಸ್ ಲೆನ್ಸ್ ಅನ್ನು ನಿಕಾನ್ ಮೇಲೆ ಹಾಕಿದರೆ ಅದು 67ಎಕ್ಸ್‌ನ ಹತ್ತಿರ ಹೋಗುತ್ತದೆ, ನಿಮ್ಮ ಸ್ಕೇಲ್ ಬಾರ್ ಸುಳ್ಳಾಗುತ್ತದೆ. ಅದನ್ನು ಹೇಗೋ ತಿದ್ದಬಹುದು. ಬಣ್ಣದ ತಿದ್ದುಪಡಿಯ ಒಂದು ಭಾಗವನ್ನು ಕೆಲವರು ಟ್ಯೂಬ್ ಲೆನ್ಸ್‌ಗೆ ಬಿಟ್ಟಿರುತ್ತಾರೆ, ಇನ್ನು ಕೆಲವರು ಆಬ್ಜೆಕ್ಟಿವ್‌ನಲ್ಲೇ ಮುಗಿಸಿರುತ್ತಾರೆ. ಬೆರಕೆ ಮಾಡಿದಾಗ ಬಣ್ಣಗಳು ಅಂಚಿನಲ್ಲಿ ಬಿಟ್ಟುಕೊಳ್ಳುವುದು ಇದರಿಂದಲೇ. ಒಂದೇ ಬಣ್ಣ, ಕ್ಷೇತ್ರದ ನಡುಭಾಗ ಮಾತ್ರ ಸಾಕೆಂದರೆ ಪರವಾಗಿಲ್ಲ.

ಕೆಂಪು ಮತ್ತು ಹಸಿರು ಚುಕ್ಕೆಗಳು ಒಂದರ ಮೇಲೊಂದು ಕೂರುತ್ತಿಲ್ಲ. ಪ್ರೋಟೀನ್‌ಗಳು ನಿಜವಾಗಿ ಬೇರೆ ಜಾಗದಲ್ಲಿವೆಯೇ?

ಹಾಗೆ ಬರೆಯುವ ಮೊದಲು, ಒಂದೇ ಮಣಿಯಲ್ಲಿ ನಾಲ್ಕು ಬಣ್ಣ ತುಂಬಿದ 100 ನ್ಯಾನೋಮೀಟರ್‌ನ ಫ್ಲೋರೆಸೆಂಟ್ ಮಣಿಗಳನ್ನು ಅದೇ ಲೆನ್ಸ್, ಅದೇ ಫಿಲ್ಟರ್‌ಗಳಲ್ಲಿ ನೋಡಿ. ಮಣಿಯೂ ಬೇರೆ ಬೇರೆ ಕಡೆ ಕಂಡರೆ ತಪ್ಪು ಪ್ರೋಟೀನ್‌ನದ್ದಲ್ಲ. ಅಪೋ ಲೆನ್ಸ್‌ನಲ್ಲೂ ಸ್ವಲ್ಪ ಅಂತರ ಇದ್ದೇ ಇರುತ್ತದೆ, ಅದರಲ್ಲೂ ಡ್ಯಾಪಿ ನೀಲಿಗೂ ಕಡುಗೆಂಪಿಗೂ ಆಳದ ದಿಕ್ಕಿನಲ್ಲಿ. ಅಳೆದು ಕಳೆಯಬಹುದು. ಅಳೆಯದೆ ಕೋ-ಲೋಕಲೈಸೇಷನ್ (ಎರಡೂ ಒಂದೇ ಜಾಗದಲ್ಲಿವೆ) ಎಂದು ವಾದಿಸುವುದು ಸರಿಯಲ್ಲ.

ಇದೇ ಮಣಿಗಳು ಲೆನ್ಸ್‌ನ ಆರೋಗ್ಯವನ್ನೂ ಹೇಳುತ್ತವೆ. ಫೋಕಸ್ ಮೇಲೆ ಕೆಳಗೆ ಮಾಡಿದಾಗ ಉಂಗುರಗಳು ದುಂಡಗೆ, ಎರಡೂ ಕಡೆ ಒಂದೇ ರೀತಿ ಹರಡಿದರೆ ಲೆನ್ಸ್ ಚೆನ್ನಾಗಿದೆ. ಮೇಲೆ ಹೋದಾಗ ಅಡ್ಡಕ್ಕೆ, ಕೆಳಗೆ ಬಂದಾಗ ಉದ್ದಕ್ಕೆ ಎಳೆದುಕೊಂಡರೆ ಅಸ್ಟಿಗ್ಮ್ಯಾಟಿಸಂ, ಬಹುಶಃ ಎಲ್ಲೋ ಪೆಟ್ಟು ಬಿದ್ದಿದೆ. ಹೊಸ ಲೆನ್ಸ್ ಬಂದ ದಿನವೇ ಮಣಿಯ ಚಿತ್ರ ತೆಗೆದಿಟ್ಟುಕೊಳ್ಳಿ. ಮುಂದೆ ಹೋಲಿಸಲು ಬೇರೆ ಏನೂ ಇರುವುದಿಲ್ಲ.

20ಎಕ್ಸ್ ಡ್ರೈ ಲೆನ್ಸ್‌ಗೆ ಆಯಿಲ್ ತಾಗಿಬಿಟ್ಟಿದೆ. ಏನು ಮಾಡಲಿ?

ಮೊದಲು ಹೇಳಿ, ಯಾರಿಗಾದರೂ. ಬಚ್ಚಿಟ್ಟರೆ ಅದು ಒಣಗಿ, ಮುಂದಿನ ವಾರ ಎಲ್ಲರ ಚಿತ್ರವೂ ಮಸುಕು.

ಲೆನ್ಸ್ ಪೇಪರ್ ಮಾತ್ರ ಬಳಸಿ. ಟಿಶ್ಯೂ, ಅಂಗಿಯ ಚುಂಗು, ಫಿಲ್ಟರ್ ಪೇಪರ್ ಯಾವುದೂ ಬೇಡ. ಮೊದಲು ಬ್ಲೋವರ್‌ನಿಂದ ಧೂಳು ಊದಿ, ಬಾಯಿಂದ ಊದಬೇಡಿ. ಲೆನ್ಸ್ ಪೇಪರ್ ತುದಿಯನ್ನು ತಾಗಿಸಿ ಆಯಿಲ್ ಹೀರಿಸಿ, ಒತ್ತಿ ಉಜ್ಜಬೇಡಿ. ಆಮೇಲೆ ಹೊಸ ಪೇಪರ್‌ಗೆ ದ್ರಾವಕ ಸ್ವಲ್ಪವೇ ಹಾಕಿ, ನಡುವಿನಿಂದ ಹೊರಗೆ ಸುರುಳಿಯಾಗಿ ಒರೆಸಿ. ಪ್ರತಿ ಸಲವೂ ಹೊಸ ಪೇಪರ್. ಪೆಟ್ರೋಲಿಯಂ ಈಥರ್ ಅಥವಾ ಹೆಕ್ಸೇನ್ 85 ಭಾಗಕ್ಕೆ ಐಸೋಪ್ರೊಪನಾಲ್ 15 ಭಾಗ ಬೆರೆಸಿದ್ದು ಎಣ್ಣೆಗೆ ಒಳ್ಳೆಯದು. ಬೆಂಕಿ ಹತ್ತುವ ವಸ್ತು, ಗಾಳಿಯಾಡುವ ಕಡೆ ಸ್ವಲ್ಪ ಸ್ವಲ್ಪ ಬಳಸಿ. ಕ್ಸೈಲೀನ್ ಬೇಡ, ಲೆನ್ಸ್ ಹಿಡಿದಿರುವ ಅಂಟನ್ನೇ ಕರಗಿಸಬಹುದು. ನಿಮ್ಮ ಲೆನ್ಸ್‌ನ ತಯಾರಕರು ಬೇರೆ ಏನಾದರೂ ಹೇಳಿದ್ದರೆ ಅವರ ಮಾತೇ ಕೊನೆ. ಶುಚಿಯಾಯಿತೇ ಎಂದು ನೋಡಲು ಐಪೀಸ್ ಬಿಚ್ಚಿ ತಲೆಕೆಳಗಾಗಿ ಹಿಡಿದು ಲೆನ್ಸ್ ತುದಿಯನ್ನು ನೋಡಿ, ಅದು ಒಳ್ಳೆಯ ಭೂತಗನ್ನಡಿ.

ಇದಾಗದಂತೆ ತಡೆಯುವುದು ಸುಲಭ. ಆಯಿಲ್ ಹಾಕಿದ ಮೇಲೆ ಅದೇ ಸ್ಲೈಡ್‌ನಲ್ಲಿ ಡ್ರೈ ಲೆನ್ಸ್‌ಗೆ ವಾಪಸಾಗಬೇಡಿ. ಹುಡುಕಾಟವೆಲ್ಲ ಮೊದಲೇ ಮುಗಿಸಿಕೊಳ್ಳಿ.

ಮಳೆಗಾಲದಲ್ಲಿ ಲೆನ್ಸ್ ಒಳಗೆ ಜೇಡರಬಲೆಯಂಥ ಗೆರೆಗಳು ಕಾಣುತ್ತಿವೆ. ಧೂಳೇ?

ಫಂಗಸ್. ಮಂಗಳೂರು, ಮಣಿಪಾಲ, ಕಾರವಾರದಂಥ ಕರಾವಳಿ ಊರುಗಳಲ್ಲೂ ಮಲೆನಾಡಿನಲ್ಲೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದರದ್ದೇ ಕಾಟ. ಫಂಗಸ್ ಗಾಜಿನ ಮೇಲಿನ ಲೇಪವನ್ನು ತಿನ್ನುತ್ತದೆ. ಹೊರಗಿನಿಂದ ಒರೆಸಿದರೆ ಹೋಗುವುದಿಲ್ಲ, ಒಳಗೆ ಬಿಚ್ಚುವುದು ತಯಾರಕರ ಕಾರ್ಯಾಗಾರದ ಕೆಲಸ, ಬಿಚ್ಚಿದರೂ ಮೊದಲಿನಂತಾಗುವ ಭರವಸೆ ಇಲ್ಲ. ಹಗಲು ಎಸಿ ಹಾಕಿ ರಾತ್ರಿ ಆರಿಸುವ ಪದ್ಧತಿ ಇನ್ನೂ ಕೆಟ್ಟದ್ದು, ತಣ್ಣಗಾದ ಲೋಹದ ಮೇಲೆ ತೇವ ಕೂರುತ್ತದೆ. ಕೋಣೆಗೆ ಡೀಹ್ಯುಮಿಡಿಫೈಯರ್ ಹಾಕಿಸಿ. ದಿನಾ ಬಳಸದ ಲೆನ್ಸ್‌ಗಳನ್ನು ಸಿಲಿಕಾ ಜೆಲ್ ಇಟ್ಟ ಗಾಳಿಯಾಡದ ಡಬ್ಬದಲ್ಲಿ ಇಡಿ, ಜೆಲ್ ಬಣ್ಣ ಬದಲಾದ ಕೂಡಲೇ ಓವನ್‌ನಲ್ಲಿ ಒಣಗಿಸಿ. ಲೆನ್ಸ್‌ಗಳನ್ನು ಹಿಡಿದು ತಿರುಗುವ ಟರೆಟ್‌ನಲ್ಲಿ ಲೆನ್ಸ್ ತೆಗೆದ ತೂತಿಗೆ ಮುಚ್ಚಳ ಹಾಕಲು ಮರೆಯಬೇಡಿ.

ಒಂದೇ ಒಂದು ಆಬ್ಜೆಕ್ಟಿವ್‌ಗೆ ಹಣವಿದೆ. ಯಾವುದು ಕೊಳ್ಳಲಿ?

ಒಳ್ಳೆಯ ಆಬ್ಜೆಕ್ಟಿವ್ ಒಂದಕ್ಕೇ ಹಲವು ಲಕ್ಷ ರೂಪಾಯಿ ಆಗುತ್ತದೆ, ಆದ್ದರಿಂದ ನ್ಯಾಯವಾದ ಪ್ರಶ್ನೆ. ನನ್ನ ಮತ 20ಎಕ್ಸ್ 0.75 ಅಥವಾ 0.80ಕ್ಕೆ. 60ಎಕ್ಸ್ ಆಯಿಲ್ ಬಹುತೇಕ ಎಲ್ಲ ಕಡೆ ಇದ್ದೇ ಇರುತ್ತದೆ. ಆದರೆ ಮೈಕ್ರೋಸ್ಕೋಪ್ ಜೊತೆ ಬಂದ 20ಎಕ್ಸ್ ಮಾತ್ರ 0.40, 0.50ರ ಮಂಕು ಲೆನ್ಸ್ ಆಗಿರುತ್ತದೆ, ಅಂಗಾಂಶದ ಕೆಲಸದವರು ದಿನವಿಡೀ ಅದರಲ್ಲೇ ಒದ್ದಾಡುತ್ತಾರೆ. ದಪ್ಪ ಜೀವಂತ ಸ್ಯಾಂಪಲ್‌ನವರಿಗೆ ನನ್ನ ಉತ್ತರ ಬೇರೆ: 40ಎಕ್ಸ್ ವಾಟರ್.

ಕೊಳ್ಳುವ ಮೊದಲು ಡೆಮೋ ಕೇಳಿ. ಕಂಪನಿಯವರು ತರುವ ಸಿದ್ಧ ಸ್ಲೈಡ್‌ನಲ್ಲಿ ಎಲ್ಲ ಲೆನ್ಸೂ ಚೆಂದ ಕಾಣುತ್ತವೆ, ನಿಮ್ಮದೇ ಅತ್ಯಂತ ಮಂಕಾದ ಸ್ಯಾಂಪಲ್ ಕೊಡಿ. ವರ್ಷಕ್ಕೆ ನಾಲ್ಕಾರು ಸಲ ಮಾತ್ರ ಬೇಕಾಗುವ ಟಿರ್ಫ್ ಅಥವಾ ಗ್ಲಿಸರಾಲ್ ಲೆನ್ಸ್ ಆದರೆ ಕೊಳ್ಳಲೇಬೇಡಿ. ಬೆಂಗಳೂರಿನ ಎನ್‌ಸಿಬಿಎಸ್ (ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರ) ಅಂಥ ಸಂಸ್ಥೆಗಳಲ್ಲಿ ಹಂಚಿಕೆಯ ಇಮೇಜಿಂಗ್ ಕೇಂದ್ರಗಳಿವೆ. ದೇಶದ ಬೇರೆ ಬೇರೆ ಸಂಸ್ಥೆಗಳಲ್ಲಿರುವ ಉಪಕರಣಗಳನ್ನು ಹುಡುಕಿ ಸಮಯ ಕಾಯ್ದಿರಿಸಲು ಕೇಂದ್ರ ಸರ್ಕಾರದ ಐ-ಸ್ಟೆಮ್ ಪೋರ್ಟಲ್ ಇದೆ. ಕಾಯ್ದಿರಿಸುವಾಗ ಮೈಕ್ರೋಸ್ಕೋಪ್ ಹೆಸರು ನೋಡಿ ನಿಲ್ಲಿಸಬೇಡಿ, ಅದಕ್ಕೆ ಯಾವ ಯಾವ ಆಬ್ಜೆಕ್ಟಿವ್ ಹಾಕಿದ್ದಾರೆ ಎಂದು ಬರೆದು ಕೇಳಿ.

ಪ್ರಬಂಧದ ವಿಧಾನ ವಿಭಾಗದಲ್ಲಿ ಏನು ಬರೆಯಬೇಕು?

‘60ಎಕ್ಸ್‌ನಲ್ಲಿ ಚಿತ್ರ ತೆಗೆಯಲಾಯಿತು’ ಎಂದರೆ ಓದುವವರಿಗೆ ಏನೂ ತಿಳಿಯುವುದಿಲ್ಲ. ತಯಾರಕ, ತಿದ್ದುಪಡಿಯ ದರ್ಜೆ, ವರ್ಧನೆ, ಎನ್‌ಎ, ಇಮ್ಮರ್ಷನ್ ದ್ರವ, ಮೌಂಟಿಂಗ್ ಮಾಧ್ಯಮ, ಸ್ಯಾಂಪಲ್ ಮೇಲಿನ ಪಿಕ್ಸೆಲ್ ಅಳತೆ, ಝಡ್ ಹೆಜ್ಜೆಯ ಅಳತೆ. ಹೆಚ್ಚಿನವು ಚಿತ್ರದ ಕಡತದೊಳಗೇ ದಾಖಲಾಗಿರುತ್ತವೆ. ಇಮ್ಮರ್ಷನ್ ಮತ್ತು ಮೌಂಟಿಂಗ್ ಮಾತ್ರ ಸಾಫ್ಟ್‌ವೇರ್‌ಗೆ ಗೊತ್ತಿರುವುದಿಲ್ಲ, ಅವನ್ನು ಅವತ್ತೇ ನೋಟ್‌ಬುಕ್‌ನಲ್ಲಿ ಬರೆದಿಡಿ.